ಮೂರನೆಯ ಕೆಂಪು

ರೈಲು ಅಪ್ಟನ್ ಪಾರ್ಕ್ ಸ್ಟೇಷನ್ ದಾಟಿದ ಮೇಲೆ ಐತಪ್ಪನ ಬಲಗೈ ಎಂದಿನಂತೆ ಹಣೆಯ ಕಡೆಗೆ ಏರಿತು, ಅರ್ಧದಲ್ಲಿ ನಿಂತಿತು, ಆಮೇಲೆ ಏನೂ ನಡೆದೇ ಇಲ್ಲವೆನ್ನುವಂತೆ ತೊಡೆಯ ಮೇಲಿನ ಚೀಲಕ್ಕೆ ಇಳಿಯಿತು. ಹಣೆಯಲ್ಲಿ ಒರೆಸುವುದಕ್ಕೆ ಏನೂ ಇರಲಿಲ್ಲ. ಹತ್ತೊಂಬತ್ತು ದಿನಗಳಿಂದ ಅವನು ಕುಂಕುಮ ಇಟ್ಟುಕೊಳ್ಳುವುದನ್ನೇ ಬಿಟ್ಟಿದ್ದ. ಹೆಂಡತಿ ಸುಗುಣಾ ಕೇಳಿದ್ದಕ್ಕೆ ಚರ್ಮಕ್ಕೆ ಆಗುತ್ತಿಲ್ಲ, ತುರಿಸುತ್ತದೆ ಎಂದಿದ್ದ. ಅದಕ್ಕೆ ಮುಂಚಿನ ಆರು ವರ್ಷ ಈ ಕೆಲಸ ಒಂದು ದಿನವೂ ತಪ್ಪಿರಲಿಲ್ಲ. ಈಸ್ಟ್ ಹ್ಯಾಮಿನ ಫ್ಲ್ಯಾಟಿನಲ್ಲಿ ಫ್ರಿಜ್ಜಿನ ಪಕ್ಕದ ದೇವರ ಗೂಡಿನ ಮುಂದೆ ನಿಂತು ಉಂಗುರದ ಬೆರಳಿನಿಂದ ಕುಂಕುಮ ಇಟ್ಟುಕೊಳ್ಳುವುದು, ಬಾಗಿಲಲ್ಲಿ ಸುಗುಣಾ ಅದನ್ನು ನೋಡುವುದು, ಡಿಸ್ಟ್ರಿಕ್ಟ್ ಲೈನಿನ ರೈಲಿನಲ್ಲಿ ಜಾಗ ಹಿಡಿದು ಕೂರುವುದು, ಅಪ್ಟನ್ ಪಾರ್ಕಿಗೂ ಪ್ಲೇಸ್ಟೋಗೂ ನಡುವೆ ಅದೇ ಬೆರಳಿನಿಂದ ಅದನ್ನು ಒರೆಸಿ ಹಾಕುವುದು. ಒರೆಸು ಎಂದು ಯಾರೂ ಹೇಳಿರಲಿಲ್ಲ. ಮ್ಯೂಸಿಯಮ್ಮಿಗೆ ಸೇರಿದ ಹೊಸತರಲ್ಲಿ, ಚಿತ್ರ ನೋಡಲು ಬಂದಿದ್ದ ಒಬ್ಬ ಮುದುಕಿ, ನಿಮ್ಮ ಹಣೆಯಲ್ಲಿ ರಕ್ತ ಬರುತ್ತಿದೆ ಎಂದು ಗಾಬರಿಯಿಂದ ಟಿಶ್ಯೂ ಕೊಟ್ಟಿದ್ದಳು. ಇದು ರಕ್ತವಲ್ಲ ಎನ್ನಲು ಎರಡು ಮಾತು ಸಾಕಾಗುತ್ತಿತ್ತು. ಅವನು ಥ್ಯಾಂಕ್ಯೂ ಎಂದು ಟಿಶ್ಯೂ ತೆಗೆದುಕೊಂಡು ಅವಳೆದುರೇ ಒರೆಸಿಕೊಂಡ. ಈಗ ಸರಿಯಾಯಿತು ಎಂದು ಅವಳು ಬೆನ್ನು ತಟ್ಟಿ ಹೋದಳು. ಮರುದಿನದಿಂದ ರೈಲಿನಲ್ಲೇ ಒರೆಸುವುದು ಶುರುವಾಯಿತು.

ಅವನ ಕೆಲಸಕ್ಕೆ ಟೆಕ್ನಿಷಿಯನ್ ಎಂದು ಹೆಸರು, ಕೊರಳಲ್ಲಿ ಅದರ ಕಾರ್ಡೂ ಇದೆ. ಮಾಡುವುದು ಪೆಟ್ಟಿಗೆ ಹೊರುವುದು, ತೆರೆಯುವುದು, ಮುಚ್ಚುವುದು. ಹೈ ಸ್ಟ್ರೀಟ್ ನಾರ್ತಿನ ಹೋಟೆಲಿನಲ್ಲಿ ಹದಿನಾಲ್ಕು ವರ್ಷ ದೋಸೆ ಕಾವಲಿಯ ಮುಂದೆ ನಿಂತವನಿಗೆ ಈ ತಣ್ಣನೆಯ ನೆಲಮಾಳಿಗೆ ಸ್ವರ್ಗದಂತೆ ಕಂಡಿತ್ತು. ಅಲ್ಲಿ ಚೀನಾದ ಚಿತ್ರಗಳು, ಬರಹಗಳು ನಾನೂರಕ್ಕೂ ಮಿಕ್ಕಿ ಇದ್ದವು, ಹೆಚ್ಚಿನವು ಸುರುಳಿ. ಗೋಡೆಗೆ ತೂಗುವ ಉದ್ದ ಸುರುಳಿಗಳು ಬೇರೆ, ಮೇಜಿನ ಮೇಲೆ ಬಿಡಿಸಿ ನೋಡುವ ಅಡ್ಡ ಸುರುಳಿಗಳು ಬೇರೆ. ಅಡ್ಡ ಸುರುಳಿಯನ್ನು ಬಲದಿಂದ ಎಡಕ್ಕೆ ಬಿಡಿಸಬೇಕು, ಒಂದು ಸಲಕ್ಕೆ ಒಂದು ತೋಳಿನ ಅಗಲ ಮಾತ್ರ. ಎಡಗೈ ಬಿಡಿಸಿದಂತೆ ಬಲಗೈ ಸುತ್ತಿಕೊಳ್ಳುತ್ತ ಬರಬೇಕು. ಆಗ ಬೆಟ್ಟ ಬರುತ್ತದೆ, ಬೆಟ್ಟ ಹೋಗುತ್ತದೆ, ಸೇತುವೆಯ ಮೇಲೆ ಕೊಡೆ ಹಿಡಿದ ಉಗುರಿನಷ್ಟು ಮನುಷ್ಯ ಬರುತ್ತಾನೆ, ಅವನೂ ಹೋಗುತ್ತಾನೆ. ಇದನ್ನೆಲ್ಲ ಹೇಳಿಕೊಟ್ಟವಳು ಪೇಯುನ್. ತೈವಾನಿನವಳು, ಹಳೆಯ ಕಾಗದ, ರೇಷ್ಮೆಗಳನ್ನು ರಿಪೇರಿ ಮಾಡುವವಳು, ಮಾತು ಕಮ್ಮಿ. ಗವಸು ಹಾಕಿದರೆ ಕಾಗದದ ಅಂಚು ಬೆರಳಿಗೆ ತಿಳಿಯುವುದಿಲ್ಲ, ಹರಿಯುತ್ತದೆ, ಬರಿಗೈಯಲ್ಲೇ ಹಿಡಿಯಬೇಕು ಎಂದಿದ್ದಳು. ಕೈ ತೊಳೆದು ಒರೆಸಿಕೊಂಡ ಮೇಲೆ ಮುಖ, ಕೂದಲು, ಫೋನು ಯಾವುದನ್ನೂ ಮುಟ್ಟಬಾರದು ಎಂದೂ ಹೇಳಿದ್ದಳು. ಐತಪ್ಪ ಈ ಮಾತನ್ನು ಅಕ್ಷರಶಃ ಪಾಲಿಸುತ್ತಿದ್ದ. ಮಡಿಯಲ್ಲಿರುವವರ ಹಾಗೆ ಎರಡೂ ಕೈಗಳನ್ನು ಎದೆಯ ಮಟ್ಟಕ್ಕೆ ಎತ್ತಿ ಹಿಡಿದು ಕಾರಿಡಾರಿನಲ್ಲಿ ನಡೆಯುವುದನ್ನು ನೋಡಿ ಬೇರೆಯವರು ನಗುತ್ತಿದ್ದರು, ಅವನಿಗೆ ಆ ನಗು ಇಷ್ಟವೇ ಆಗುತ್ತಿತ್ತು.

ಅದು ತಪ್ಪಿದ್ದು ಹತ್ತೊಂಬತ್ತು ದಿನದ ಹಿಂದಿನ ಗುರುವಾರ, ಒಂದೇ ಒಂದು ದಿನ. ಕೈಯನ್ನು ಸೋಪು ಹಾಕಿ ಮೊಣಕೈವರೆಗೆ ತೊಳೆದ, ಹೋಟೆಲಿನ ಅಭ್ಯಾಸ. ಒರೆಸಿಕೊಂಡು ತಲೆಯೆತ್ತಿದರೆ ಟಾಯ್ಲೆಟ್ಟಿನ ಕನ್ನಡಿಯಲ್ಲಿ ಹುಬ್ಬುಗಳ ನಡುವಿನ ಗೆರೆಯೊಳಗೆ ಕುಂಕುಮದ ಚೂರು ಉಳಿದಿತ್ತು. ರೈಲಿನಲ್ಲಿ ರಶ್ಶಿತ್ತು, ಸರಿಯಾಗಿ ಒರೆಸಿರಲಿಲ್ಲ. ಉಂಗುರದ ಬೆರಳಿನಿಂದ ಒತ್ತಿ ತಿಕ್ಕಿದ. ಹಣೆಯಿಂದ ಹೋಯಿತು ಎಂದಷ್ಟೇ ಅವನು ನೋಡಿದ್ದು, ಎಲ್ಲಿಗೆ ಹೋಯಿತು ಎಂದು ನೋಡಲಿಲ್ಲ. ಹೊರಗಿನಿಂದ ಯಾರೋ ಹೆಸರು ಕರೆದರು. ಅವರೆಲ್ಲ ಕರೆಯುವ ಹಾಗೆ, ಏತಾಪಾ ಎಂದು, ಮಧ್ಯದಲ್ಲಿ ಎಲ್ಲೂ ಒತ್ತಿಲ್ಲದೆ. ಅವನು ಬಂದೆ ಎಂದು ಹೊರಟ.

ಅಂದು ಬಿಡಿಸಿದ್ದು ಮೂರು ಮೀಟರ್ ಉದ್ದದ ತೂಗು ಸುರುಳಿ. ಚಿತ್ರವಿಲ್ಲ, ಬರೀ ಬರಹ. ಮುನ್ನೂರೈವತ್ತು ವರ್ಷದ ಹಿಂದೆ ಕೆಲಸ ಬಿಟ್ಟು ಊರಿಗೆ ಹೊರಟ ಒಬ್ಬ ಅಧಿಕಾರಿ ಬರೆದದ್ದಂತೆ: ಮೂರು ದಿನದಿಂದ ಗಾಳಿ ಎದುರಿದೆ, ದೋಣಿ ಹೊರಟಿಲ್ಲ, ಅಂಬಿಗನಿಗೆ ಬೇಸರವೂ ಇಲ್ಲ. ಅಷ್ಟೇ ಅದರ ಅರ್ಥ ಎಂದು ಪೇಯುನ್ ಹೇಳಿದಾಗ ಐತಪ್ಪನಿಗೆ ನಿರಾಸೆಯಾಗಿತ್ತು. ಇಷ್ಟು ದೊಡ್ಡದಾಗಿ ಬರೆಯುವಂಥದ್ದು ಇದರಲ್ಲಿ ಏನಿದೆ. ಆದರೆ ಬರಹ ಬೇರೆಯೇ ಏನನ್ನೋ ಮಾಡುತ್ತಿತ್ತು. ಮೇಲೆ ದಟ್ಟ ಕಪ್ಪಾಗಿ ಶುರುವಾದ ಕುಂಚ ಕೆಳಕೆಳಗೆ ಬರುತ್ತ ಒಣಗಿ, ಬೂದಿಯಾಗಿ, ಇನ್ನೇನು ಶಾಯಿ ಮುಗಿಯಿತು ಅನ್ನುವಾಗಲೂ ನಿಲ್ಲದೆ ಎಳೆದುಕೊಂಡು ಹೋಗಿತ್ತು. ಎಡಗಡೆಯ ಕೆಳಮೂಲೆಯಲ್ಲಿ ಬರೆದವನ ಎರಡು ಕೆಂಪು ಮುದ್ರೆಗಳು, ಒಂದರ ಕೆಳಗೊಂದು. ಫೋಟೋ ತೆಗೆಯಲು ಅದನ್ನು ನೆಲದಿಂದ ಒಂದು ಗೇಣು ಎತ್ತರದ ಹಲಗೆಯ ಮೇಲೆ ಹಾಸಿದ್ದರು. ಕ್ಯಾಮರಾ ಮೇಲಿನಿಂದ ಕೆಳಕ್ಕೆ ನೋಡುತ್ತಿತ್ತು. ಮೇಲಿನ ತುದಿಯಲ್ಲಿ ಐತಪ್ಪ, ಕೆಳಗಿನ ತುದಿಯಲ್ಲಿ ರೂಟಾ ಎಂದು ಹಂಚಿಕೆಯಾಗಿತ್ತು. ರೂಟಾ ಲಿಥುವೇನಿಯಾದವಳು, ಏಜೆನ್ಸಿಯ ಮೂಲಕ ವಾರಕ್ಕೆ ಮೂರು ದಿನ ಬರುತ್ತಿದ್ದಳು, ಮೂವತ್ತೈದರ ಆಸುಪಾಸು. ಉಗುರಿಗೆ ಕೆಂಪು ಬಣ್ಣ ಹಚ್ಚುತ್ತಾಳೆ ಎಂದು ಎರಡು ಸಲ ಹೇಳಿಸಿಕೊಂಡಿದ್ದಳು. ಫೋಟೋ ತೆಗೆಯುವವನು ಆ ಬದಿ ಕಂಪ್ಯೂಟರಿಗೆ ಮುಖ ಹಾಕಿ ಕೂತಿದ್ದ.

ಮುದ್ರೆಯ ಪಕ್ಕಕ್ಕೆ ಬಣ್ಣ ಹೋಲಿಸುವ ಪಟ್ಟಿ ಬೇಕು ಎಂದು ಅವನು ಕೇಳಿದಾಗ ರೂಟಾ ದೀಪದ ಸ್ಟ್ಯಾಂಡನ್ನು ಸರಿಮಾಡುತ್ತಿದ್ದಳು. ಹಾಗಾಗಿ ಐತಪ್ಪನೇ ಕೆಳಗಿನ ತುದಿಗೆ ಹೋಗಿ ಪಟ್ಟಿ ಇಟ್ಟ. ಹಿಂದೆ ಸರಿಯುವಾಗ ಅವನ ಎಡಗಾಲು ಸುರುಳಿಯ ಅಂಚಿನ ರೇಷ್ಮೆಗೆ ತಾಗಿತು. ತಾಗಿತು ಅಂದರೆ ಅಷ್ಟೇ. ಶೂ ಮೇಲೆ ಪ್ಲಾಸ್ಟಿಕ್ಕಿನ ಕವಚ, ಅದರ ಮೇಲಿನಿಂದ. ಸುರುಳಿಗೆ ಏನೂ ಆಗಲಿಲ್ಲ. ಐತಪ್ಪನ ಬೆನ್ನು ಬಾಗಿತು, ಬಲಗೈ ಹೋಯಿತು, ಮೂರು ಬೆರಳು ಬರಹದ ಕೊನೆಯನ್ನು ಮುಟ್ಟಿದವು, ಎದ್ದು ಎರಡೂ ಕಣ್ಣಿಗೆ ಒತ್ತಿಕೊಂಡವು. ಎಷ್ಟೋ ವರ್ಷಗಳಿಂದ ಅವನು ಇದನ್ನು ಮಾಡಿರಲಿಲ್ಲ. ಟ್ಯೂಬ್ ರೈಲಿನಲ್ಲಿ ಬಿಟ್ಟಿ ಪತ್ರಿಕೆಗಳು ನೆಲದ ತುಂಬ ಬಿದ್ದಿರುತ್ತವೆ, ದಿನಕ್ಕೆ ನಾಲ್ಕು ಸಲ ಕಾಲಿಗೆ ಸಿಗುತ್ತವೆ. ಮೊದಮೊದಲು ಯಾರೂ ನೋಡದ ಹಾಗೆ ಚೀಲ ಸರಿಮಾಡುವ ನೆಪದಲ್ಲಿ ಬಾಗುತ್ತಿದ್ದ, ಆಮೇಲೆ ಮನಸ್ಸಿನಲ್ಲೇ, ಆಮೇಲೆ ಅದೂ ಇಲ್ಲ. ಓದಲು ಬರುವ ಅಕ್ಷರವನ್ನು ಅಷ್ಟು ಸಲ ತುಳಿದವನು ಒಂದು ಗೀಟೂ ತಿಳಿಯದ ಬರಹದ ಮುಂದೆ ಯಾಕೆ ಬಾಗಿದ ಎಂದು ಅವನಿಗೆ ಇವತ್ತಿಗೂ ಗೊತ್ತಾಗಿಲ್ಲ. ಕಣ್ಣು ಬಿಟ್ಟಾಗ ಎರಡನೆಯ ಮುದ್ರೆಯ ಕೆಳಗೆ, ಅದರದೇ ಬಳಗದ್ದೆನ್ನುವಂತೆ, ಉದ್ದಿನ ಬೇಳೆಯಷ್ಟು ಒಂದು ಕೆಂಪು ಗುರುತಿತ್ತು. ರೂಟಾ ತಲೆಯೆತ್ತಿದ್ದಳು. ಮತ್ತೆ ದೀಪದ ಕಡೆಗೆ ತಿರುಗಿದಳು. ರೆಡಿ ಎಂದ ಫೋಟೋದವನು, ಐತಪ್ಪನೂ ರೆಡಿ ಎಂದ.

ಈಗ ರೈಲು ಮೈಲ್ ಎಂಡ್ ದಾಟುತ್ತಿತ್ತು. ಎದುರಿನ ಸೀಟಿನಲ್ಲಿ ಒಬ್ಬಳು ಹುಡುಗಿ ಕನ್ನಡಿ ಹಿಡಿದು ಲಿಪ್‌ಸ್ಟಿಕ್ ಹಚ್ಚುತ್ತಿದ್ದಳು. ಆ ಕೆಂಪನ್ನು ನೋಡುತ್ತಿದ್ದೇನೆ ಎಂದು ಅರಿವಾಗಿ ಐತಪ್ಪ ಕಿಟಕಿಯ ಕಡೆಗೆ ತಿರುಗಿದ. ಗುರುತು ಬಿದ್ದ ಮೇಲೆ ಒಂದು ವಾರ ಯಾರಿಗೂ ಗೊತ್ತಾಗಿರಲಿಲ್ಲ. ಆ ವಾರ ಅವನು ಚೆನ್ನಾಗಿ ಊಟ ಮಾಡಿದ್ದ, ನಿದ್ದೆಯೂ ಬಂದಿತ್ತು; ಅದು ಮುದ್ರೆಯ ಬಣ್ಣವೇ ಇರಬಹುದು, ಮೊದಲಿನಿಂದಲೂ ಇದ್ದದ್ದೇ ಇರಬಹುದು ಎಂದು ತನಗೆ ತಾನೇ ಹೇಳಿಕೊಂಡು ಅರ್ಧ ನಂಬಿಯೂ ಇದ್ದ. ಹನ್ನೆರಡು ವರ್ಷ ಹಿಂದಿನ ಫೋಟೋವನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟು ನೋಡಿದವಳು ಪೇಯುನ್. ಹಳೆಯದರಲ್ಲಿ ಎರಡು ಕೆಂಪು, ಹೊಸದರಲ್ಲಿ ಮೂರು. ಭೂತಗನ್ನಡಿಯಲ್ಲಿ ನೋಡಿ, ಇದು ಮುದ್ರೆಯ ಬಣ್ಣವಲ್ಲ, ಈ ಕಾಲದ್ದು, ಮೈಗೆ ಮುಖಕ್ಕೆ ಹಚ್ಚಿಕೊಳ್ಳುವಂಥ ಯಾವುದೋ ವಸ್ತು, ನಾರಿನೊಳಗೆ ಇಳಿದಿದೆ, ತೆಗೆಯಲು ಹೋದರೆ ಕಾಗದ ಹೋಗುತ್ತದೆ ಎಂದು ವರದಿ ಬರೆದಳು. ಹಚ್ಚಿಕೊಳ್ಳುವಂಥದ್ದು ಎಂದ ಕೂಡಲೇ ಎಲ್ಲರಿಗೂ ಉಗುರು ನೆನಪಾಯಿತು. ಸಂಗ್ರಹದ ಮೇಲ್ವಿಚಾರಕಿ ಫಿಲಿಪ್ಪಾ ಐತಪ್ಪನನ್ನು ಕಾರಿಡಾರಿನಲ್ಲಿ ನಿಲ್ಲಿಸಿ, ದನಿ ತಗ್ಗಿಸಿ ಕೇಳಿದ್ದಳು.

"ಆ ದಿನ ಕೆಳಗಿನ ತುದಿಯಲ್ಲಿ ಇದ್ದದ್ದು ರೂಟಾ ಅಲ್ಲವೇ?"

"ಹೌದು."

"ಉಗುರಿನ ಬಗ್ಗೆ ಅವಳಿಗೆ ಮೊದಲೂ ಹೇಳಿದ್ದೆವು, ನಿಮಗೆ ನೆನಪಿರಬೇಕು."

"ಹೌದು."

ಎರಡೂ ನಿಜ. ಐತಪ್ಪ ಸುಳ್ಳು ಹೇಳಲಿಲ್ಲ. ಎರಡು ಸಲ ಹೌದು ಎನ್ನಲು ಎಷ್ಟು ಹೊತ್ತು ಬೇಕು, ಕಾಫಿ ಮಷೀನಿನಲ್ಲಿ ಲೋಟ ತುಂಬುವಷ್ಟೂ ಬೇಡ. ಏಜೆನ್ಸಿಯವರನ್ನು ಯಾರೂ ಕೆಲಸದಿಂದ ತೆಗೆಯುವುದಿಲ್ಲ. ಮುಂದಿನ ವಾರ ಕರೆಯುವುದಿಲ್ಲ, ಅದರ ಮುಂದಿನ ವಾರವೂ ಕರೆಯುವುದಿಲ್ಲ, ಗೋಡೆಯ ಮೇಲಿನ ಪಾಳಿಯ ಪಟ್ಟಿಯಲ್ಲಿ ಅವರ ಹೆಸರಿನ ಜಾಗದಲ್ಲಿ ಬೇರೆ ಹೆಸರು ಬರುತ್ತದೆ. ಮೂರು ದಿನ ಬಿಟ್ಟು ರೂಟಾಳಿಂದ ವಾಟ್ಸಾಪ್ ಬಂತು: ನನ್ನ ಬಗ್ಗೆ ಅಲ್ಲಿ ಏನಾದರೂ ಹೇಳಿದರಾ? ಐತಪ್ಪ ಓದಿದ. ಓದಿದ್ದು ಅವಳಿಗೆ ಎರಡು ನೀಲಿ ಗೀಟುಗಳಲ್ಲಿ ತಿಳಿಯುತ್ತದೆ ಎಂಬುದು ಓದಿದ ಮೇಲೆ ನೆನಪಾಯಿತು. ಉತ್ತರ ಬರೆಯಲಿಲ್ಲ. ಆಮೇಲೆ ಪ್ರತಿದಿನವೂ ಆ ಪ್ರಶ್ನೆಯನ್ನು ತೆರೆದು ನೋಡಿ ಮುಚ್ಚುವುದು ಒಂದು ಅಭ್ಯಾಸವಾಯಿತು. ಗಾಯದ ಹಕ್ಕಳೆಯನ್ನು ಮುಟ್ಟಿ ನೋಡಿದ ಹಾಗೆ.

ಸುಗುಣಾಳಿಗೆ ಹೇಳಿದ್ದು ಮೊನ್ನೆ ಭಾನುವಾರ, ಮಧ್ಯಾಹ್ನದ ಊಟಕ್ಕೆ ಕೂತಾಗ. ಅವಳು ಸೀರೆ ಅಂಗಡಿಯಲ್ಲಿ ಕೆಲಸ ಮಾಡುವವಳು, ಭಾನುವಾರ ಮೀನು ಸಾರು ಮಾಡಿದ ದಿನ ಅವಳ ಮನಸ್ಸು ಸ್ವಲ್ಪ ಧಾರಾಳವಿರುತ್ತದೆ ಎಂದು ಅವನ ಲೆಕ್ಕ. ಮಗಳು ವಿಜೇತಾ ತಟ್ಟೆಯ ಪಕ್ಕ ಫೋನಿಟ್ಟುಕೊಂಡು ಉಣ್ಣುತ್ತಿದ್ದಳು.

"ಮೊನ್ನೆ ಕೆಲಸದಲ್ಲಿ ಒಂದು ಸುರುಳಿಗೆ ಕಾಲು ತಾಗಿತು. ಬರೆದದ್ದು ಅದು. ಮುಟ್ಟಿ ಕಣ್ಣಿಗೆ ಒತ್ತಿಕೊಂಡೆ. ಅದು ದೊಡ್ಡ ರಗಳೆ ಆಗಿದೆ ಈಗ."

"ಕಾಲು ತಾಗಿದ್ರೆ ಮುಟ್ಟದೆ ಮತ್ತೆಂತ ಮಾಡುದು?" ಎಂದಳು ಸುಗುಣಾ. "ಅದ್ರಲ್ಲಿ ರಗಳೆ ಎಂತದ್ದು?"

"ಬೆರಳಲ್ಲಿ ಕುಂಕುಮ ಇತ್ತು. ಗುರುತು ಬಿತ್ತು. ಹೋಗುದಿಲ್ಲ ಅಂತೆ. ಅದು ಈಗ ಬೇರೆ ಒಬ್ಬಳ ತಲೆ ಮೇಲೆ ಹೋಗಿ ಕೂತುಂಟು."

"ಯಾರವಳು?"

"ಏಜೆನ್ಸಿಯವಳು. ರೂಟಾ ಅಂತ. ಅವಳನ್ನು ಈಗ ಕರಿಯುದಿಲ್ಲ."

ಸುಗುಣಾ ಸೌಟನ್ನು ಪಾತ್ರೆಗೆ ಬಿಟ್ಟಳು. "ಮಕ್ಕಳುಂಟಾ ಅವಳಿಗೆ?"

"ಒಬ್ಬಳು ಮಗಳು ಅಂತ ಹೇಳ್ತಿದ್ಳು."

"ಮತ್ತೆ ನೀವೆಂತ ಬಾಯಲ್ಲಿ ಅವಲಕ್ಕಿ ಹಾಕ್ಕೊಂಡು ಕೂತದ್ದಾ? ನನ್ನ ಕೈ ಅಂತ ಹೇಳಿದ್ರೆ ಆಯ್ತಲ್ಲ ಮಾರಾಯ್ರೆ. ಅವ್ರೇನು ಕೊಲ್ತಾರಾ?"

ವಿಜೇತಾ ಫೋನಿನಿಂದ ತಲೆಯೆತ್ತದೆ, "ಜಸ್ಟ್ ಟೆಲ್ ದೆಮ್ ಇಟ್ಸ್ ಕಲ್ಚರಲ್, ಡ್ಯಾಡ್. ದೇ ಲವ್ ದಟ್" ಎಂದಳು.

ಇಷ್ಟಕ್ಕೇ ಮುಗಿದಿದ್ದರೆ ಸರಿಯಿತ್ತು. ಆದರೆ ಸುಗುಣಾ ಕುಳಿತು ಎರಡು ತುತ್ತು ಉಂಡವಳು ಕೈ ತಡೆದಳು. "ಕೈ ತೊಳ್ದೇ ಮುಟ್ಟುದಲ್ವಾ ನೀವು ಅದನ್ನು? ಕುಂಕುಮ ಬೆರಳಿಗೆ ಹೇಗೆ ಬಂತು?"

"ಬೆವರು ಒರ್ಸಿಕೊಂಡೆ."

"ಮಾರ್ಚಲ್ಲಿ. ಇಲ್ಲಿ. ಬೆವರು." ಅವಳು ಅವನ ಬೋಳು ಹಣೆಯನ್ನು ನೋಡಿದಳು. "ಚರ್ಮಕ್ಕೆ ಆಗುದಿಲ್ಲ ಅಂದದ್ದೂ ಆ ವಾರವೇ ಅಲ್ವಾ?" ಆಮೇಲೆ ಇನ್ನೊಂದು ತುಂಡು ಮೀನು ಬಡಿಸಿದಳು. ಐತಪ್ಪನಿಗೆ ಆ ಬಡಿಸಿದ್ದೇ ಸಹಿಸಲಿಕ್ಕಾಗಲಿಲ್ಲ. ಇಪ್ಪತ್ತನಾಲ್ಕು ವರ್ಷ ಜೊತೆಯಲ್ಲಿ ಬಾಳಿದವಳಿಗೆ, ನೀನು ಬಾಗಿಲು ಹಾಕಿದ ಮೇಲೆ ಅರ್ಧ ಗಂಟೆಯೊಳಗೆ ನಾನು ಅದನ್ನು ಒರೆಸುತ್ತಿದ್ದೆ ಎಂದು ಹೇಳುವುದು ಇನ್ನೊಬ್ಬ ಹೆಂಗಸಿನ ವಿಷಯ ಹೇಳಿದಷ್ಟೇ ಕಷ್ಟ ಎಂದು ಅನ್ನಿಸಿ, ತಲೆ ತಗ್ಗಿಸಿ ಮುಳ್ಳು ಬಿಡಿಸುತ್ತ ಕೂತ.

ಇವತ್ತು ಹೇಳುತ್ತೇನೆ ಎಂದು ಅವನು ನಿರ್ಧಾರ ಮಾಡಿದ್ದನೆಂದೇನೂ ಅಲ್ಲ. ಹತ್ತು ಗಂಟೆಗೆ ಫಿಲಿಪ್ಪಾಳ ಕೋಣೆಗೆ ಪೆಟ್ಟಿಗೆಗಳ ಪಟ್ಟಿ ಕೊಡಲು ಹೋದ. ಅಲ್ಲಿ ಪೇಯುನ್ ಕೂಡ ಇದ್ದಳು. ಮೇಜಿನ ಮೇಲೆ ಆ ಕೆಳಮೂಲೆಯ ದೊಡ್ಡ ಫೋಟೋ ಇತ್ತು. ಗುರುತು ಅದರಲ್ಲಿ ಅಂಗೈಯಷ್ಟಾಗಿತ್ತು. ಬೆರಳಿನ ಗೆರೆಗಳು ಸಹ ಅ ಕಾರದಂತೆ ಬಾಗಿ ಕಾಣುತ್ತಿದ್ದವು. ತನ್ನದೇ ಬೆರಳನ್ನು ಇಷ್ಟು ದೊಡ್ಡದಾಗಿ ನೋಡಿದ್ದೇ ಅವನ ಬಾಯಿ ಬಿಡಿಸಿತು. ಇದು ನನ್ನದು ಎಂದ. ರೂಟಾ ಅಲ್ಲ, ನಾನು. ಫಿಲಿಪ್ಪಾ ಕನ್ನಡಕ ತೆಗೆದಳು. ಅವನು ನಿಂತುಕೊಂಡೇ, ತನ್ನ ಹೋಟೆಲಿನ ಇಂಗ್ಲಿಷಿನಲ್ಲಿ, ಕಾಲು ತಾಗಿದ್ದು, ಬರಹ ಎಂದರೆ ವಿದ್ಯೆ, ವಿದ್ಯೆ ಎಂದರೆ ದೇವರು, ಕಾಲು ತಾಗಿದರೆ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳಬೇಕು, ಬೆರಳಿನಲ್ಲಿ ಪೂಜೆಯ ಕುಂಕುಮ ಇತ್ತು ಎಂದು ಒಂದೊಂದಾಗಿ ಹೇಳಿದ. ಕೆಲಸ ಹೋಯಿತು ಎಂದುಕೊಂಡೇ ಹೇಳಿದ. ಹೇಳುತ್ತ ಹೋದಂತೆ ಫಿಲಿಪ್ಪಾಳ ಮುಖದಲ್ಲಿ ಅವನು ನಿರೀಕ್ಷಿಸಿರದ ಏನೋ ಆಗುತ್ತಿತ್ತು. ಅವಳ ಕಣ್ಣು ತೇವವಾಗಿತ್ತು.

"ಇದನ್ನು ನಮ್ಮ ಜೊತೆ ಹಂಚಿಕೊಂಡದ್ದಕ್ಕೆ ತುಂಬಾ ಥ್ಯಾಂಕ್ಸ್" ಎಂದಳು. ಅಲ್ಲಿಯವರು ಹೇಳುವುದಕ್ಕೆ ಹಂಚಿಕೊಳ್ಳುವುದು ಎನ್ನುತ್ತಾರೆ.

ಪೇಯುನ್ ಕೇಳಿದ್ದು ಎರಡೇ ಪ್ರಶ್ನೆ. "ಯಾವ ಬೆರಳು?" ಅವನು ಉಂಗುರದ ಬೆರಳು ತೋರಿಸಿದ, ಅವಳು ಬರೆದುಕೊಂಡಳು. "ಆ ಪುಡಿಯಲ್ಲಿ ಏನೇನಿದೆ?" ಅರಿಸಿನ ಇರಬೇಕು, ಈಗ ಅಂಗಡಿಯಲ್ಲಿ ಸಿಗುವುದರಲ್ಲಿ ಏನಿದೆಯೋ ಗೊತ್ತಿಲ್ಲ ಎಂದ. ಪ್ಯಾಕೆಟ್ಟನ್ನು ನಾಳೆ ತಂದುಕೊಡಿ ಎಂದಳು. ಐತಪ್ಪನಿಗೆ ಅವಳ ಮೇಲೆ ಗೌರವ ಬಂತು. ಅವಳು ಕಾಗದದ ಕಡೆಯವಳು, ಅವಳ ಕಣ್ಣಿನಲ್ಲಿ ನೀರೇನೂ ಇರಲಿಲ್ಲ.

ಫಿಲಿಪ್ಪಾ ಆಗಲೇ ಮುಂದೆ ಹೋಗಿದ್ದಳು. ಮುನ್ನೂರೈವತ್ತು ವರ್ಷದ ಬರಹಕ್ಕೆ ಇನ್ನೊಂದು ನಾಡಿನ ನಮಸ್ಕಾರ, ಇದು ಹಾನಿ ಎನ್ನುವ ಪದದೊಳಗೆ ಬರುವುದೇ ಇಲ್ಲ ಎಂದಳು. ಮೇ ತಿಂಗಳಲ್ಲಿ ಇಡೀ ಸಿಬ್ಬಂದಿ ಸೇರುವ ದಿನವಿದೆ, ಅಲ್ಲಿ ನೀವು ಹತ್ತು ನಿಮಿಷ ಮಾತಾಡಬೇಕು, ಆ ಕೈಯ ಚಲನೆಯನ್ನೂ ತೋರಿಸಬಹುದಾದರೆ ತೋರಿಸಿ, ಒತ್ತಾಯವಿಲ್ಲ. ಹಣೆಯ ಪವಿತ್ರ ಚಿಹ್ನೆ ಎಂದಳು. ಆ ಹಣೆಯಲ್ಲಿ ಅದು ಅಪ್ಟನ್ ಪಾರ್ಕಿನಿಂದ ಮುಂದೆ ಉಳಿಯದಂತೆ ಅವನೇ ಒರೆಸುತ್ತಿದ್ದ ಎಂಬುದು ಅವಳಿಗೆ ಗೊತ್ತಿರಲಿಲ್ಲ, ಐತಪ್ಪ ಹೇಳಲೂ ಇಲ್ಲ. ಅವನಿಗೆ ಖುಷಿಯಾಗಿತ್ತು. ಬೈಗುಳಕ್ಕೆ ಬೆನ್ನು ಕೊಟ್ಟು ನಿಂತವನ ಬೆನ್ನ ಮೇಲೆ ಯಾರೋ ಶಾಲು ಹೊದಿಸಿದರೆ ಆಗುವಂಥ ಖುಷಿ. ಅದು ತಣ್ಣಗಾಗಲು ಒಂದು ನಿಮಿಷ ಬೇಕಾಯಿತು, ಆಮೇಲೆ ರೂಟಾಳ ಹೆಸರು ಎತ್ತಿದ.

"ಅವಳ ಮೇಲೆ ನಾವು ದೂರನ್ನೇ ಕೊಟ್ಟಿಲ್ಲ" ಎಂದಳು ಫಿಲಿಪ್ಪಾ. "ಏಜೆನ್ಸಿಯ ಜೊತೆ ಫೋನಿನಲ್ಲಿ ಒಂದು ಮಾತಾಡಿದ್ದೆ, ಅಷ್ಟೇ. ಬರವಣಿಗೆಯಲ್ಲಿ ಏನೂ ಇಲ್ಲ."

"ಈಗ ಹೇಳಬಹುದಲ್ಲ, ಅವಳು ಅಲ್ಲ ಅಂತ."

"ಹೇಳಿದರೆ ಮೊದಲು ಅವಳು ಎಂದು ಹೇಳಿದ್ದೆವು ಎಂದಾಗುತ್ತದೆ. ಈಗ ಎಲ್ಲ ಶಾಂತವಾಗಿದೆ, ಮತ್ತೆ ಕೆದಕುವುದು ಅವಳಿಗೂ ಒಳ್ಳೆಯದಲ್ಲ." ಅವಳು ಕನ್ನಡಕ ಹಾಕಿಕೊಂಡಳು. "ನೀವು ಕೂಡ ಏನನ್ನೂ ಬರೆಯಲು ಹೋಗಬೇಡಿ, ಏತಾಪಾ. ಸಂಗ್ರಹದ ವಸ್ತುವಿನ ವಿಷಯ ಹೊರಗಿನವರಿಗೆ ಕೊಡಬಾರದು, ನಿಯಮ ನಿಮಗೆ ಗೊತ್ತು. ಅದನ್ನು ಮುರಿದರೆ ನಾನೂ ನಿಮ್ಮನ್ನು ಉಳಿಸಲಾರೆ."

ಮಧ್ಯಾಹ್ನದ ಊಟಕ್ಕೆ ಕೂತಾಗ ಐತಪ್ಪ ಫೋನು ತೆಗೆದು ಒಂಬತ್ತು ದಿನದ ಹಿಂದಿನ ಆ ಪ್ರಶ್ನೆಯ ಕೆಳಗೆ, ಇವತ್ತು ಸಿಗಬಹುದೇ ಎಂದು ಬರೆದ. ಕ್ಷಮಿಸು ಎಂದೂ ಬರೆದಿದ್ದ, ಅಳಿಸಿದ. ಅರ್ಧ ಗಂಟೆಯ ಮೇಲೆ ಉತ್ತರ ಬಂತು: ಬೆಕ್ಟನ್, ಒಂದು ಗೋದಾಮಿನ ಹೆಸರು, ಐದೂಕಾಲು, ಇಪ್ಪತ್ತು ನಿಮಿಷ. ಹಲೋ ಇಲ್ಲ, ಪ್ರಶ್ನೆ ಇಲ್ಲ.

ಸಂಜೆ ಈಸ್ಟ್ ಹ್ಯಾಮಿನಲ್ಲಿ ಇಳಿದು, ಮನೆಯ ಕಡೆಗೆ ತಿರುಗದೆ ಬೆಕ್ಟನ್ನಿನ ಬಸ್ಸು ಹತ್ತಿದ. ಬಸ್ಸಿನಲ್ಲಿ ಶಾಲೆಯ ಮಕ್ಕಳು ಕೋಳಿಯ ಕರಿದ ತುಂಡುಗಳನ್ನು ತಿನ್ನುತ್ತಿದ್ದರು. ಏನು ಹೇಳಬೇಕು ಎಂದು ಅವನು ಯೋಚಿಸಲಿಲ್ಲ. ಅವಳು ಏನು ಬೈಯಬಹುದು ಎಂದು ಯೋಚಿಸಿದ. ಬೈದರೆ ನಿಂತು ಕೇಳುವುದು, ನಡುವೆ ಮಾತಾಡಬಾರದು, ಕೊನೆಗೆ ಏನಾದರೂ ಸಹಾಯ ಬೇಕಾ ಎಂದು ಕೇಳುವುದು. ಹೋಟೆಲಿನಲ್ಲಿ ಗಿರಾಕಿಗಳ ಸಿಟ್ಟನ್ನು ಹೀಗೇ ನಿಭಾಯಿಸುತ್ತಿದ್ದ. ಹಾಗೆ ಯೋಚಿಸಿದ್ದಕ್ಕೆ ತನ್ನ ಮೇಲೆ ಹೇಸಿಗೆಯಾಯಿತು. ಇಪ್ಪತ್ತು ನಿಮಿಷದಲ್ಲಿ ಮುಗಿಯುತ್ತದಲ್ಲ ಎಂದು ಸಮಾಧಾನವೂ ಆಯಿತು, ಅದಕ್ಕೂ ಹೇಸಿಗೆಯಾಯಿತು.

ರೂಟಾ ಗೋದಾಮಿನ ಗೇಟಿನ ಹೊರಗೆ, ಸಿಮೆಂಟಿನ ಕಟ್ಟೆಯ ಮೇಲೆ ಕೂತು ಸ್ಯಾಂಡ್‌ವಿಚ್ ತಿನ್ನುತ್ತಿದ್ದಳು. ಮೈಮೇಲೆ ಹಳದಿ ಜಾಕೆಟ್ಟು. ಉಗುರಿಗೆ ಅದೇ ಕೆಂಪು ಬಣ್ಣ, ತುದಿಗಳಲ್ಲಿ ಎದ್ದುಹೋಗಿತ್ತು. ಇಲ್ಲಿ ಯಾರೂ ಬೇಡವೆನ್ನುವುದಿಲ್ಲವೇನೋ. ಅವಳು ಪಕ್ಕಕ್ಕೆ ಸರಿದು ಜಾಗ ಕೊಟ್ಟಳು. ಐತಪ್ಪ ಕೂರಲಿಲ್ಲ. ಆ ಗುರುತು ನನ್ನದು ಎಂದು ಶುರುಮಾಡಿದ. ಬೆಳಗ್ಗೆ ಒಮ್ಮೆ ಹೇಳಿದ್ದರಿಂದ ಮಾತು ಸಲೀಸಾಗಿ ಬಂತು, ಸಲೀಸಾಗಿ ಬಂದದ್ದು ಅವನಿಗೆ ಸಹಿಸಲಾಗಲಿಲ್ಲ, ನಡುವೆ ನಿಲ್ಲಿಸಿದ. ಆಮೇಲೆ ಮುದುಕಿ ಟಿಶ್ಯೂ ಕೊಟ್ಟದ್ದರಿಂದ ಹಿಡಿದು ಮತ್ತೆ ಹೇಳಿದ. ರೈಲಿನಲ್ಲಿ ಒರೆಸುತ್ತಿದ್ದದ್ದು, ಆ ದಿನ ಕನ್ನಡಿಯ ಮುಂದೆ ಒರೆಸಿದ್ದು, ಹೆಂಡತಿಗೆ ಇವತ್ತಿಗೂ ಹೇಳದೆ ಇದ್ದದ್ದು. ಸಲೀಸಾಗಿ ಬರಲಿಲ್ಲ. ರೂಟಾ ಅಗಿಯುವುದನ್ನು ನಿಲ್ಲಿಸದೆ ಕೇಳಿದಳು.

"ನಾನು ನೋಡಿದ್ದೆ" ಎಂದಳು.

"ಏನನ್ನು?"

"ನೀನು ಬಾಗಿದ್ದು, ಮುಟ್ಟಿದ್ದು, ಕಣ್ಣಿಗೆ ಇಟ್ಟುಕೊಂಡದ್ದು. ನಮ್ಮಜ್ಜಿಯ ಕೈಯಿಂದ ರೊಟ್ಟಿ ಕೆಳಗೆ ಬಿದ್ದರೆ ಎತ್ತಿ ಮುತ್ತು ಕೊಡುತ್ತಿದ್ದಳು. ಅಂಥದ್ದೇ ಏನೋ ಅಂದುಕೊಂಡೆ." ಅವಳು ತುಟಿಯ ಬದಿ ಒರೆಸಿಕೊಂಡಳು. "ಏಜೆನ್ಸಿಯವರು ಫೋನ್ ಮಾಡಿ, ಬೇರೆ ಯಾರಾದರೂ ಮುಟ್ಟಿದ್ದರಾ ಎಂದು ಕೇಳಿದರು. ಗೊತ್ತಿಲ್ಲ ಎಂದೆ."

ಐತಪ್ಪ ಈಗ ಕೂತ. "ಯಾಕೆ ಹೇಳಲಿಲ್ಲ?"

"ನೀನು ಹೇಳುತ್ತೀಯ ಅಂದುಕೊಂಡಿದ್ದೆ. ನಿನ್ನ ಪ್ರಾರ್ಥನೆಯನ್ನು ನಾನು ಹೇಗೆ ಹೇಳುವುದು? ಒಂದು ದಿನ ಕಾದೆ, ಎರಡು ದಿನ ಕಾದೆ. ಆಮೇಲೆ ನಿನಗೆ ಮೆಸೇಜು ಹಾಕಿದೆ." ದನಿಯಲ್ಲಿ ಸಿಟ್ಟಿರಲಿಲ್ಲ. ಬಸ್ಸು ಯಾವಾಗ ಬರುತ್ತದೆ ಎಂದು ಹೇಳುವ ಹಾಗೆ ಹೇಳುತ್ತಿದ್ದಳು. "ನಿನ್ನನ್ನು ಏನು ಕೇಳಿದರು ಅವರು?"

ಇಲ್ಲಿ ಒಂದು ಸುಳ್ಳಿಗೆ ಜಾಗವಿತ್ತು. ನನ್ನನ್ನು ಯಾರೂ ಏನೂ ಕೇಳಲಿಲ್ಲ ಎಂದರೆ ಅವಳು ನಂಬುತ್ತಿದ್ದಳು.

"ಕೆಳಗಿನ ತುದಿಯಲ್ಲಿ ಇದ್ದದ್ದು ನೀನಾ ಅಂತ ಕೇಳಿದರು."

"ಏನಂದೆ?"

"ಹೌದು ಅಂದೆ."

ರೂಟಾ ತಲೆಯಾಡಿಸಿದಳು. "ಇದ್ದೆನಲ್ಲ" ಎಂದಳು. ಸ್ಯಾಂಡ್‌ವಿಚ್ಚಿನ ಪೊಟ್ಟಣವನ್ನು ಚಿಕ್ಕದಾಗಿ ಮಡಚಿ ಜೇಬಿಗೆ ಹಾಕಿದಳು. ಹತ್ತೊಂಬತ್ತು ದಿನದಲ್ಲಿ ಐತಪ್ಪ ಗುರುತಿಗಾಗಿ ನಾಚಿದ್ದ, ಹಣೆಗಾಗಿ ನಾಚಿದ್ದ, ಸುಗುಣಾಳ ಮುಂದೆ ನಾಚಿದ್ದ. ಆ ಹೌದು ಎಂಬ ಮಾತಿಗಾಗಿ ನಾಚಿದ್ದು ಇದೇ ಮೊದಲು. ಮುಖ ಎತ್ತಲಾಗಲಿಲ್ಲ. ಎದುರಿಗೆ ಒಂದು ಲಾರಿ ಹಿಮ್ಮುಖವಾಗಿ ಗೇಟಿನೊಳಗೆ ಹೋಗುತ್ತ ಬಹಳ ಹೊತ್ತು ಪೀಂ ಪೀಂ ಎನ್ನುತ್ತಿತ್ತು.

"ಏಜೆನ್ಸಿಯವರು ನನ್ನನ್ನು ಯಾವ ಮ್ಯೂಸಿಯಮ್ಮಿಗೂ ಕಳಿಸುವುದಿಲ್ಲವಂತೆ" ಎಂದಳು. "ಬರೆದು ಕೊಡು."

"ಬರೆಯಬಾರದು ಎಂದು ಹೇಳಿದ್ದಾರೆ. ಬರೆದರೆ ನನ್ನ ಕೆಲಸ ಹೋಗುತ್ತದೆ."

ಅವಳು ಜಾಕೆಟ್ಟಿನ ಜೇಬಿನಿಂದ ಸರಕಿನ ಚೀಟಿಯೊಂದನ್ನು ತೆಗೆದು, ಮಗುಚಿ, ಖಾಲಿ ಮೈ ಮೇಲೆ ಮಾಡಿ ಕಟ್ಟೆಯ ಮೇಲೆ ಅವರಿಬ್ಬರ ನಡುವೆ ಇಟ್ಟಳು. ಗಾಳಿಗೆ ಹಾರದಂತೆ ಒಂದು ಕೈಯಿಂದ ಹಿಡಿದುಕೊಂಡು ಇನ್ನೊಂದರಿಂದ ಪೆನ್ನು ಕೊಟ್ಟಳು. ಐತಪ್ಪ ಗೇಟನ್ನು ನೋಡಿದ, ಬಸ್‌ಸ್ಟಾಪನ್ನು ನೋಡಿದ, ಗಡಿಯಾರ ನೋಡಿದ. ಇನ್ನೂ ಆರು ನಿಮಿಷವಿತ್ತು. ಪೆನ್ನು ತೆಗೆದುಕೊಂಡ. ಫಾರಂ ತುಂಬುವುದು ಬಿಟ್ಟು ಇಂಗ್ಲಿಷಿನಲ್ಲಿ ಅವನು ಸ್ವಂತವಾಗಿ ಏನನ್ನೂ ಬರೆದವನಲ್ಲ. ಸುರುಳಿಯ ನಂಬರ್ ಬರೆದ. ಕೆಂಪು ಗುರುತು ನನ್ನ ಬೆರಳಿನದು, ರೂಟಾ ಅದನ್ನು ಮುಟ್ಟಿಲ್ಲ, ನನ್ನನ್ನು ಕೇಳಿದಾಗ ನಾನು ಇದನ್ನು ಹೇಳಲಿಲ್ಲ ಎಂದು ಬರೆದ. ಅಕ್ಷರಗಳು ಒಂದೊಂದು ಒಂದೊಂದು ಕಡೆಗೆ ವಾಲಿದವು, ಕಟ್ಟೆ ಒರಟಾಗಿದ್ದುದರಿಂದ ಕಾಗದ ಎರಡು ಕಡೆ ತೂತಾಯಿತು. ಕೆಳಗೆ ಹೆಸರನ್ನು ಪೂರ್ತಿ ಬರೆದು ಸಹಿ ಹಾಕಿದ. ಫಿಲಿಪ್ಪಾಗೆ ಇದು ನಾಳೆಯೋ ನಾಡಿದ್ದೋ ತಲುಪುತ್ತದೆ, ಮೇ ತಿಂಗಳ ಭಾಷಣಕ್ಕೆ ಬೇರೆ ಯಾರನ್ನಾದರೂ ಹುಡುಕುತ್ತಾಳೆ ಎಂದು ಅನ್ನಿಸಿತು.

ರೂಟಾ ತಿರುಗಿಸಿಕೊಂಡು ನಿಧಾನವಾಗಿ ಎರಡು ಸಲ ಓದಿದಳು. ಮತ್ತೆ ಅವನ ಕಡೆಗೆ ಸರಿಸಿದಳು.

"ತಾರೀಕು ಇಲ್ಲ."

"ಯಾವ ತಾರೀಕು ಹಾಕಲಿ? ಆ ದಿನದ್ದಾ, ಇವತ್ತಿನದಾ?"

"ಎರಡೂ ಹಾಕು" ಎಂದಳು.

ಅವನು ಮೊದಲು ಆ ದಿನದ್ದು ಬರೆದ, ಅದರ ಕೆಳಗೆ ಇವತ್ತಿನದು.